ಜಾರುವ ಗಟ್ಸ್, ತಿರುಗುವ ಚೆಂಡು: ಬೆಳಗಾವಿ–ಖಾನಾಪುರದ ಹವೆಯಲ್ಲಿ ಟೆನಿಸ್ ರ್‍ಯಾಕೆಟ್ಟಿನ ಹೆಣಿಗೆ

ಟೆನಿಸ್ ರ್‍ಯಾಕೆಟ್ ಕೊಳ್ಳುವವರು ಮೊದಲು ಕೇಳುವುದು ಬೆಲೆ, ಆಮೇಲೆ ತೂಕ. ಫ್ರೇಮಿನ ಮೇಲೆ ಸಣ್ಣಗೆ ಅಚ್ಚಾಗಿರುವ 16×19 ಅಥವಾ 18×20 ಎಂಬ ಅಂಕಿಯ ಕಡೆ ಗಮನ ಹೋಗುವುದು ಕಡಿಮೆ. ಗಟ್ಸ್ ಎಂದರೆ ರ್‍ಯಾಕೆಟ್ಟಿನ ತಂತಿ. ಮೊದಲ ಅಂಕಿ ಉದ್ದದ ಗಟ್ಸ್‌ನದು, ಅಂದರೆ ಮೇನ್ಸ್. ಎರಡನೆಯದು ಅಡ್ಡ ಗಟ್ಸ್‌ನದು, ಅಂದರೆ ಕ್ರಾಸ್. 16×19ರಲ್ಲಿ ಇವೆರಡೂ ಒಂದನ್ನೊಂದು ದಾಟುವ ಜಾಗಗಳು ಹೆಚ್ಚೆಂದರೆ 304, 18×20ರಲ್ಲಿ 360. ಈ ವ್ಯತ್ಯಾಸ ಚೆಂಡಿನ ಸ್ಪಿನ್, ವೇಗ, ಹಿಡಿತಗಳ ಮೇಲೆ ಏನು ಪರಿಣಾಮ ಮಾಡುತ್ತದೆ, ಅದರಲ್ಲೂ ಬೆಳಗಾವಿಯ ಎತ್ತರದಲ್ಲಿ, ಖಾನಾಪುರದ ಮಳೆ–ಮಣ್ಣಿನಲ್ಲಿ ಏನಾಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

16×19ರಂತೆ ಹೆಣಿಗೆ ವಿರಳವಾಗಿದ್ದರೆ ಗಟ್ಸ್ ಚೆಂಡನ್ನು ಕಚ್ಚಿ ಹಿಡಿಯುತ್ತದೆ, ಅದರಿಂದ ಸ್ಪಿನ್ ಬರುತ್ತದೆ ಎಂಬ ಮಾತು ಅಂಕಣಗಳಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಹೈಸ್ಪೀಡ್ ಕ್ಯಾಮೆರಾ ತೋರಿಸಿದ್ದು ಬೇರೆಯೇ. ಚೆಂಡು ಗಟ್ಸ್ ಮೇಲೆ ಇರುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದರಷ್ಟು ಹೊತ್ತು. ಅಷ್ಟರಲ್ಲೇ ಚೆಂಡು ಮೇನ್ಸನ್ನು ಪಕ್ಕಕ್ಕೆ ತಳ್ಳುತ್ತದೆ. ಚೆಂಡು ಬಿಟ್ಟು ಹೋಗುವ ಮೊದಲೇ ಮೇನ್ಸ್ ಚಿಮ್ಮಿ ತಮ್ಮ ಜಾಗಕ್ಕೆ ಮರಳಿದರೆ, ಆ ಮರಳುವಿಕೆಯೇ ಚೆಂಡಿಗೆ ಹೆಚ್ಚಿನ ತಿರುಗು ಕೊಡುತ್ತದೆ. ಜಪಾನಿನ ಸಂಶೋಧಕ ಯೋಶಿಹಿಕೊ ಕವಾಜೊಯೆ ಗಟ್ಸ್‌ಗೆ ಜಾರುಕ ಹಚ್ಚಿ ಪರೀಕ್ಷಿಸಿದಾಗ ಸ್ಪಿನ್ ಹೆಚ್ಚಿತು. ಸಿಡ್ನಿಯ ಭೌತವಿಜ್ಞಾನಿ ರಾಡ್ ಕ್ರಾಸ್ ಮತ್ತು ಕ್ರಾಫರ್ಡ್ ಲಿಂಡ್ಸೆ ಅವರ ಕೆಲಸವೂ ಇದೇ ದಿಕ್ಕಿನಲ್ಲಿದೆ. ಹಾಗಾಗಿ ಸ್ಪಿನ್ನಿಗೆ ಬೇಕಾದದ್ದು ಕಚ್ಚುವ ಗಟ್ಸ್ ಅಲ್ಲ, ಜಾರುವ ಗಟ್ಸ್. ಅಡ್ಡ ಗಟ್ಸ್ ಕಡಿಮೆಯಾದಷ್ಟೂ ಮೇನ್ಸ್ ಜಾರಲು ಅಡ್ಡಿ ಕಡಿಮೆ. ವಿರಳ ಹೆಣಿಗೆಯ ಗುಟ್ಟು ಇಷ್ಟೇ.

ಇದನ್ನು ಪ್ರಯೋಗಾಲಯಕ್ಕಿಂತ ಮೊದಲೇ ಬಯಲಿಗೆ ತಂದದ್ದು 1977ರ ಸ್ಪಗೆಟಿ ರ್‍ಯಾಕೆಟ್. ಜರ್ಮನಿಯ ವರ್ನರ್ ಫಿಶರ್ ರೂಪಿಸಿದ ಈ ರ್‍ಯಾಕೆಟ್ಟಿನಲ್ಲಿ ಮೇನ್ಸ್ ಎರಡು ಪದರ, ನಡುವೆ ಕೆಲವೇ ಕ್ರಾಸ್, ಪದರಗಳು ಒಂದರೊಳಗೊಂದು ಹೆಣೆದುಕೊಂಡಿರಲೇ ಇಲ್ಲ. ಮೇನ್ಸ್ ಒಟ್ಟಾಗಿ ಸರಿದು ಒಟ್ಟಾಗಿ ಮರಳುತ್ತಿದ್ದವು. ಆ ವರ್ಷದ ಯು.ಎಸ್. ಓಪನ್‌ನಲ್ಲಿ ಹೆಸರೇ ಕೇಳಿರದ ಮೈಕೆಲ್ ಫಿಶ್‌ಬಾಕ್ ಇದನ್ನು ಹಿಡಿದು ಸ್ಟ್ಯಾನ್ ಸ್ಮಿತ್‌ರನ್ನು ಸೋಲಿಸಿದರು. ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಫೈನಲ್‌ನಲ್ಲಿ ಇಲಿ ನಾಸ್ತಾಸೆ ಇದೇ ರ್‍ಯಾಕೆಟ್ಟಿನಿಂದ ಎರಡು ಸೆಟ್ ಗೆದ್ದಾಗ ಗಿಯೆರ್ಮೊ ವಿಲಾಸ್ ಆಟ ಬಿಟ್ಟು ಹೊರನಡೆದರು. ಮಣ್ಣಿನಂಕಣದಲ್ಲಿ ಅವರ 53 ಪಂದ್ಯಗಳ ಸತತ ಗೆಲುವು ಅಲ್ಲಿಗೆ ಮುಗಿಯಿತು. 1978ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ ಗಟ್ಸ್ ಹೇಗಿರಬೇಕೆಂದು ಮೊದಲ ಬಾರಿಗೆ ನಿಯಮ ಬರೆಯಿತು: ದಾಟುವ ಕಡೆ ಒಂದರ ಮೇಲೊಂದು, ಕೆಳಗೊಂದು ಹೆಣೆದಿರಬೇಕು, ಇಲ್ಲವೇ ಅಂಟಿಸಿರಬೇಕು. ಒಂದು ಶತಮಾನ ಆಡಿದ ಆಟಕ್ಕೆ ಅಲ್ಲಿಯವರೆಗೆ ರ್‍ಯಾಕೆಟ್ಟಿನ ವ್ಯಾಖ್ಯೆಯೇ ಇರಲಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ನಿಯಮ ಮುಚ್ಚಿದ ಬಾಗಿಲನ್ನು ಪಾಲಿಯೆಸ್ಟರ್ ತೆರೆಯಿತು. 1997ರಲ್ಲಿ ಗುಸ್ತಾವೊ ಕುಯೆರ್ಟೆನ್ ಲುಕ್ಸಿಲಾನ್ ಪಾಲಿಯೆಸ್ಟರ್ ಗಟ್ಸ್‌ನಲ್ಲಿ ಫ್ರೆಂಚ್ ಓಪನ್ ಗೆದ್ದರು. ಈ ಗಟ್ಸ್ ಪೆಡಸು, ಆದರೆ ನುಣುಪು, ಹೆಣೆದಿದ್ದರೂ ಜಾರುತ್ತದೆ. ಆದ್ದರಿಂದ ಗಟ್ಸ್ ಯಾವುದೆಂದು ಹೇಳದೆ ಹೆಣಿಗೆಯನ್ನಷ್ಟೇ ಹೊಗಳುವುದಕ್ಕೆ ಅರ್ಥವಿಲ್ಲ. ಪಾಲಿಯೆಸ್ಟರ್ ಹಾಕಿದ 18×20, ಹಳೆಯ ನೈಲಾನ್ ಹಾಕಿದ 16×19ಕ್ಕಿಂತ ಚೆನ್ನಾಗಿ ಚಿಮ್ಮಬಹುದು.

ವಿರಳ ಹೆಣಿಗೆ ಪವರ್ ಕೊಡುತ್ತದೆ ಎಂಬ ರೂಢಿಯ ಮಾತಿಗಿಂತ ನನ್ನ ಅಭಿಪ್ರಾಯ ಭಿನ್ನ. ನಿಯಮದ ಪ್ರಕಾರ ಸಾಮಾನ್ಯ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಅದು ಪುಟಿಯಬೇಕಾದದ್ದು 135ರಿಂದ 147 ಸೆಂ.ಮೀ. ಅಂದರೆ ಶಕ್ತಿಯ ಶೇ. 40ಕ್ಕೂ ಹೆಚ್ಚು ಭಾಗವನ್ನು ಚೆಂಡೇ ನುಂಗುತ್ತದೆ. ಗಟ್ಸ್ ಹಾಗಲ್ಲ, ಪಡೆದದ್ದರಲ್ಲಿ ಬಹುಪಾಲು ಮರಳಿಸುತ್ತದೆ. ಹೆಣಿಗೆ ಬದಲಿಸಿದರೆ ಮೃದುತನದಲ್ಲಿ ತುಸು ಲಾಭವಿದೆ, ವೇಗದಲ್ಲಿ ದೊಡ್ಡದೇನೂ ಇಲ್ಲ. ವಿರಳ ಹೆಣಿಗೆಯಿಂದ ಚೆಂಡು ಹೆಚ್ಚು ಮೇಲ್ಮುಖವಾಗಿ ಹೊರಡುತ್ತದೆ, ಅದರಿಂದ ಉದ್ದ ಬೀಳುತ್ತದೆ. ಆಟಗಾರರು ಪವರ್ ಎನ್ನುವುದು ಬಹುತೇಕ ಇದನ್ನೇ. ಕಂಟ್ರೋಲ್ ಎನ್ನುವುದೂ ಈ ಕೋನದ ಇನ್ನೊಂದು ಮುಖ: 18×20ರಲ್ಲಿ ಕೋನ ತಗ್ಗಿನದು, ಹೊಡೆತದಿಂದ ಹೊಡೆತಕ್ಕೆ ಬದಲಾಗುವುದೂ ಕಡಿಮೆ.

ಇನ್ನು ನಮ್ಮೂರು. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಒಂದೇ ಉಷ್ಣತೆಯನ್ನಿಟ್ಟು ಲೆಕ್ಕ ಹಾಕಿದರೆ ಇಲ್ಲಿಯ ಗಾಳಿ ಪಣಜಿಯದಕ್ಕಿಂತ ಶೇ. 8ರಷ್ಟು ತೆಳು. ಚೆಂಡನ್ನು ತಡೆಯುವ ಬಲವೂ, ಟಾಪ್‌ಸ್ಪಿನ್ ಚೆಂಡನ್ನು ಕೆಳಕ್ಕೆ ಬಾಗಿಸುವ ಬಲವೂ ಅಷ್ಟೇ ಕಡಿಮೆ. ಎತ್ತರದ ಊರುಗಳಿಗೆಂದೇ ಇರುವ ಚೆಂಡು ನಿಯಮದಲ್ಲಿ 1219 ಮೀಟರ್ ಮೇಲಷ್ಟೇ ಬಳಕೆಗೆ ಬರುತ್ತದೆ; ನಮಗೆ ಅದರ ಅನುಕೂಲವಿಲ್ಲ. ಆದರೆ ತಂಪು ಹವೆ ಸ್ವಲ್ಪ ಸರಿದೂಗಿಸುತ್ತದೆ. ಹತ್ತು ಡಿಗ್ರಿ ತಂಪಿದ್ದರೆ ಗಾಳಿ ಶೇ. 3ಕ್ಕೂ ತುಸು ಹೆಚ್ಚು ದಟ್ಟವಾಗುತ್ತದೆ. ಹೀಗಾಗಿ ಬೆಳಗಾವಿಯಲ್ಲಿ ಏಪ್ರಿಲ್ ಮಧ್ಯಾಹ್ನ ಗೆರೆ ದಾಟುವ ಹೊಡೆತ ಡಿಸೆಂಬರ್ ಬೆಳಿಗ್ಗೆ ಒಳಗೇ ಬೀಳಬಹುದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಯಿಳಿದು ಗೋವೆಗೆ ಪಂದ್ಯಕ್ಕೆ ಹೋಗುವ ಹುಡುಗರು ಅದೇ ಬಿಗಿಯ ರ್‍ಯಾಕೆಟ್ ಒಯ್ದು, ಅಲ್ಲಿಯ ದಟ್ಟ ಗಾಳಿಯಲ್ಲಿ ಚೆಂಡು ಗಿಡ್ಡ ಬೀಳುತ್ತದೆಂದು ಕೈಯನ್ನು ದೂರುವುದಕ್ಕೆ ಕಾರಣವಿಲ್ಲ.

ಖಾನಾಪುರದ ಸಮಸ್ಯೆ ಇನ್ನೊಂದು ಬಗೆಯದು. ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ಜಡಿಮಳೆಯ ಸೀಮೆ, ಮಲಪ್ರಭೆ ಹುಟ್ಟುವುದು ಅಲ್ಲಿಯೇ. ನೈಲಾನ್ ಗಟ್ಸ್ ತೇವ ಹೀರುತ್ತದೆ, ಪಾಲಿಯೆಸ್ಟರ್ ಹೆಚ್ಚುಕಡಿಮೆ ಹೀರುವುದೇ ಇಲ್ಲ. ಪ್ರಾಣಿಜನ್ಯ ಗಟ್ಸ್‌ಗಂತೂ ಇಲ್ಲಿಯ ಜುಲೈ ಶತ್ರು. ಅದರ ಮೇಲೆ ಮಣ್ಣು. ಹಂಚು–ಮಡಕೆಗೆ ಹೆಸರಾದ, ಖಾದಿ ಆಯೋಗದ ಗ್ರಾಮ ಕುಂಬಾರಿಕೆ ಸಂಸ್ಥೆಯೇ ನೆಲೆಸಿರುವ ಊರು ಇದು. ಇಲ್ಲಿಯ ನುಣುಪು ಕೆಂಪು ಧೂಳು ಒದ್ದೆ ಚೆಂಡಿಗೆ ಮೆತ್ತಿಕೊಂಡು ಗಟ್ಸ್ ದಾಟುವ ಜಾಗಕ್ಕೆ ಸೇರುತ್ತದೆ. ಮಣ್ಣಿನ ಮೇಲೆ ಮಳೆಗಾಲ ಪೂರ್ತಿ ಆಡಿದ ರ್‍ಯಾಕೆಟ್ಟಿನ ನಡುವಿನ ಮೇನ್ಸನ್ನು ಭೂತಗನ್ನಡಿಯಲ್ಲಿ ನೋಡಿದೆ. ಪ್ರತಿ ಕ್ರಾಸ್‌ನ ಕೆಳಗೂ ಗರಗಸ ತಾಗಿದಂಥ ಕಚ್ಚು, ಕಚ್ಚಿನೊಳಗೆ ಇಟ್ಟಿಗೆಬಣ್ಣದ ಹುಡಿ. ಬೆರಳಿನಿಂದ ಪಕ್ಕಕ್ಕೆಳೆದು ಬಿಟ್ಟರೆ ಹೊಸ ಗಟ್ಸ್ ಟಕ್ಕೆಂದು ಮರಳುತ್ತದೆ. ಇದು ಎಳೆದಲ್ಲೇ ನಿಂತಿತು. ಅದು 16×19 ರ್‍ಯಾಕೆಟ್. ಕಚ್ಚು ಬಿದ್ದ ಮೇಲೆ ವಿರಳ ಹೆಣಿಗೆಯ ಲಾಭವೆಲ್ಲ ಹೋಗಿ, ಕೋನದ ಚಂಚಲತೆ ಮಾತ್ರ ಉಳಿದಿತ್ತು.

ಆದ್ದರಿಂದ ಬೆಳಗಾವಿಯ ಸಿಮೆಂಟ್ ಅಂಕಣದಲ್ಲಿ ಕಲಿಯುವವರಿಗೆ 16×19 ಸಾಕು, ಬೇಸಿಗೆಯಲ್ಲಿ ಎರಡು ಪೌಂಡ್ ಬಿಗಿಯಾಗಿ ಗಟ್ಸ್ ಹಾಕಿಸಬೇಕು, ಗೋವೆಗೆ ಹೋಗುವಾಗ ಅಷ್ಟನ್ನೇ ಸಡಿಲಿಸಬೇಕು. 2013ರ ಸುಮಾರಿಗೆ ವಿಲ್ಸನ್ ತಂದ 16×15ರಂಥ ಅತಿವಿರಳ ಹೆಣಿಗೆಯನ್ನು ನಾನು ಇಲ್ಲಿ ಯಾರಿಗೂ ಸೂಚಿಸಲಾರೆ. ಗಟ್ಸ್ ಬೇಗ ಹರಿಯುತ್ತದೆ, ಖಾನಾಪುರದ ಹುಡುಗನಿಗೆ ಪ್ರತಿ ಸಲವೂ ಬೆಳಗಾವಿಗೆ ಬಸ್ ಹತ್ತುವ ಖರ್ಚು. ಮಣ್ಣಿನಲ್ಲಿ ಆಡುವವರಿಗೆ ತೆಳು ಪಾಲಿಯೆಸ್ಟರ್ ಹಾಕಿದ 18×20 ವಾಸಿ. ಆಟ ಮುಗಿದ ಮೇಲೆ ಒಣಬಟ್ಟೆಯಿಂದ ದಾಟುವ ಜಾಗಗಳನ್ನು ಒರೆಸಲಿ, ವಾರಕ್ಕೊಮ್ಮೆ ಬೆರಳಿನಿಂದ ನಡುವಿನ ಮೇನ್ ಎಳೆದು ನೋಡಲಿ. ಮರಳದಿದ್ದರೆ, ಹರಿಯದಿದ್ದರೂ ಕತ್ತರಿಸಿ ಹೊಸದು ಹಾಕಿಸಲಿ.