ಹೊಲದ ಮೂರು ಕಾಗದಗಳು ಬಂದ ಬಗೆ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಆಮೇಲೆಯೇ ರೊಕ್ಕ ಎಣಿಸುವುದು. ಎತ್ತು ಕೆಲವು ವರ್ಷ ದುಡಿದು ಮುದಿಯಾಗುವ ಜೀವ. ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಹೊಲ ಕೊಳ್ಳುವಾಗ ಮಾತ್ರ, “ಹಿರಿಯರ ಎದುರಿಗೆ ಮಾತಾಗಿದೆ, ಬಾಂಡ್ ಕಾಗದದ ಮೇಲೆ ಬರೆದಾಗಿದೆ, ಇನ್ನೇನು ಬೇಕು?” ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ಹೊಲಕ್ಕೆ ಬೇಕಾದ ಕಾಗದಗಳು ಮೂರು: ನಕ್ಷೆ, ಖರೇದಿಪತ್ರ, ಉತಾರ. ಇವು ಮೂರೂ ಒಂದೇ ದಿನ ಹುಟ್ಟಿದವಲ್ಲ, ಒಂದೇ ಕಚೇರಿಯಿಂದ ಬಂದವೂ ಅಲ್ಲ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಅದು ಯಾಕೆ ಹೀಗೆ ಅನ್ನುವುದು ಇವುಗಳ ಇತಿಹಾಸ ಕೇಳಿದರೆ ತಿಳಿಯುತ್ತದೆ.

ಮೊದಲು ನಕ್ಷೆಯ ಮಾತು. 1799ರಲ್ಲಿ ಟಿಪ್ಪೂ ಸುಲ್ತಾನ ಮಡಿದ ಮೇಲೆ ನಮ್ಮ ಸೀಮೆ ಕಂಪನಿ ಸರಕಾರದ ಕೈಗೆ ಹೋಯಿತು. ಥಾಮಸ್ ಮನ್ರೋ ಎಂಬ ಅಧಿಕಾರಿ ಕೆನರಾ ಜಿಲ್ಲೆಯ ಕಂದಾಯದ ವ್ಯವಸ್ಥೆ ಮಾಡಿದ. ಮುಂದೆ 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿಯವರ ಪದ್ಧತಿಯಂತೆ ಸರಪಳಿ ಹಿಡಿದು ಮೋಜಣಿ ನಡೆಯಿತು. ಆ ಸರಪಳಿಯ ಉದ್ದ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. “ಹಳ್ಳದ ಆಚೆ, ಮಾವಿನ ಮರದ ಈಚೆ” ಎಂದು ಹೇಳುತ್ತಿದ್ದ ಹೊಲಕ್ಕೆ ಸರ್ವೆ ನಂಬರು ಬಂತು, ಬಾಂದಗಲ್ಲು ಬಂತು, ಆಕಾರ ಗೊತ್ತಾಯಿತು.

ಆದರೆ ಒಂದು ಮಾತು ನೆನಪಿಡಿರಿ. ಈ ಅಳತೆಯೆಲ್ಲ ಮುಖ್ಯವಾಗಿ ಕಂದಾಯಕ್ಕಾಗಿ. ಯಾರಿಂದ ಎಷ್ಟು ವಸೂಲು ಮಾಡಬೇಕು ಎನ್ನುವುದೇ ಸರಕಾರಕ್ಕೆ ಬೇಕಾಗಿತ್ತು. ಆದುದರಿಂದ ಕಂದಾಯ ಕಟ್ಟಿದ ಪಾವತಿ ಒಂದೇ ಕೈಯಲ್ಲಿ ಹಿಡಿದು “ಹೊಲ ನಂದು” ಎಂದರೆ ಅದು ಅಂದಿಗೂ ಸಾಲಲಿಲ್ಲ, ಇಂದಿಗೂ ಸಾಲದು.

ಎರಡನೆಯದು ಖರೇದಿಪತ್ರ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಒಂದು ಗೆರೆ ಎಳೆಯಿತು. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರ ಸ್ವತ್ತಿನ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು. “ಮುಂದೆ ಮಾರುತ್ತೇನೆ” ಎಂದು ಬರೆದುಕೊಟ್ಟ ಕರಾರು, ಸಂಚಕಾರ ಕೊಟ್ಟ ಕಾಗದ, ಇವುಗಳಿಂದ ಹೊಲದ ಮಾಲಕಿ ಹಕ್ಕು ಬರುವುದಿಲ್ಲ. 1908ರ ನೋಂದಣಿ ಕಾಯಿದೆಯಂತೆ, ಬರೆದು ಸಹಿ ಮಾಡಿದ ಪತ್ರವನ್ನು ನಾಲ್ಕು ತಿಂಗಳೊಳಗೆ ಸಬ್ ರಜಿಸ್ಟ್ರಾರ ಕಚೇರಿಗೆ ಹಾಜರುಪಡಿಸಬೇಕು. ಈ ಎರಡೂ ಕಾಯಿದೆಗಳು ಈಗಲೂ ಜಾರಿಯಲ್ಲಿವೆ.

ಆದರೆ ಪತ್ರ ನೋಂದಾಯಿತು ಎಂದರೆ ಮಾರಿದವನೇ ನಿಜವಾದ ಮಾಲಕ ಎಂದು ಸರಕಾರ ಜಾಮೀನು ಕೊಟ್ಟಂತಲ್ಲ. ತನ್ನದಲ್ಲದ ಹೊಲವನ್ನು ಮಾರಿದರೆ, ಪತ್ರ ಎಷ್ಟು ಚೆಂದ ಬರೆದಿದ್ದರೂ ಕೊಂಡವನಿಗೆ ದಕ್ಕುವುದು ಕಾಗದವೇ ಹೊರತು ಹೊಲವಲ್ಲ.

ಮೂರನೆಯದು ಉತಾರ, ಪಹಣಿ ಅಂತಲೂ ಅನ್ನುತ್ತೇವೆ. ಹಳೆಯ ಪುಸ್ತಕದಲ್ಲಿ ಕಂದಾಯ ಕಟ್ಟುವವನ ಹೆಸರು ಇತ್ತೇ ವಿನಾ ಒತ್ತೆ ಹಿಡಿದವನು, ಪಾಲುದಾರ, ಗೇಣಿದಾರ ಇವರ ಹಕ್ಕು ಸರಿಯಾಗಿ ಕಾಣುತ್ತಿರಲಿಲ್ಲ. ಈ ಕೊರತೆ ತುಂಬಲೆಂದು ಮುಂಬಯಿ ಸರಕಾರ 1903ರಲ್ಲಿ ಹಕ್ಕುದಾಖಲೆಯ ಕಾಯಿದೆ ತಂದಿತು. ಕೊಂಡರೆ, ವಾಟಣಿಯಾದರೆ, ವಾರಸಾ ಬಂದರೆ ವರ್ದಿ ಕೊಡಬೇಕು, ನೋಟೀಸು ಹೊರಡುತ್ತದೆ, ತಕರಾರು ಇದ್ದರೆ ಕೇಳುತ್ತಾರೆ, ಆಮೇಲೆ ಹೆಸರು ಏರುತ್ತದೆ. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಮೇಲೆ 1964ರ ಭೂಕಂದಾಯ ಕಾಯಿದೆಯಲ್ಲಿಯೂ ಇದೇ ಕ್ರಮ ಉಳಿಯಿತು. ಉತಾರದಲ್ಲಿದ್ದುದನ್ನು, ತಪ್ಪೆಂದು ರುಜುವಾಗುವ ತನಕ, ಸರಿ ಎಂದು ಹಿಡಿಯಬೇಕೆನ್ನುತ್ತದೆ ಆ ಕಾಯಿದೆ. “ರುಜುವಾಗುವ ತನಕ” ಎಂಬ ಮಾತನ್ನು ಮರೆಯಬೇಡಿರಿ.

ಈಗ ನಮ್ಮ ನಾಲ್ಕು ತಾಲೂಕುಗಳ ಕಡೆಗೆ ಬರೋಣ. ಇಲ್ಲಿ ಕಾಡು ಹೆಚ್ಚು, ಸಾಗುವಳಿಯ ಜಮೀನು ಕಡಿಮೆ. ಹೊಲಗಳೆಲ್ಲ ನೋಡಲು ಒಂದೇ ಬಗೆ. ಕಾಯಿದೆಯ ಕಣ್ಣಿಗೆ ಮಾತ್ರ ಒಂದೇ ಅಲ್ಲ.

ಮೊದಲನೆಯದು ಹಿರಿಯರಿಂದ ಬಂದ ಮಾಲಕಿ ಜಮೀನು. ಇದನ್ನು ಮಾರಲು ಬರುತ್ತದೆ. ಆದರೆ ಮನೆತನದ ಆಸ್ತಿಯಾಗಿದ್ದರೆ ಒಬ್ಬನ ಸಹಿ ಸಾಲದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು ಇದೆ. ಕೊಟ್ಟ ಮನೆಯಲ್ಲಿರುವ ಅಕ್ಕ ತಂಗಿಯರನ್ನು ಬಿಟ್ಟು ಮಾಡಿದ ವ್ಯವಹಾರ ಮುಂದೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ.

ಎರಡನೆಯದು ಗೇಣಿದಾರನಿಗೆ ಬಂದ ಜಮೀನು. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಹಿರಿಯರು ಬಲ್ಲರು. 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರಕಾರದ ಕಾಲದಲ್ಲಿ, ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದವು. ಏಳನೆಯ ನಮೂನೆಯ ಅರ್ಜಿ ಕೊಟ್ಟ ಗೇಣಿದಾರರಿಗೆ ನ್ಯಾಯಮಂಡಳಿ ಹಕ್ಕು ಕೊಟ್ಟಿತು. ಅಂಥ ಜಮೀನನ್ನು ಆದೇಶದ ದಿನದಿಂದ 15 ವರ್ಷ ಮಾರುವಂತಿರಲಿಲ್ಲ. ಆ ಅವಧಿಯೊಳಗೆ ಮಾರಿದ ಪತ್ರವಿದ್ದರೆ ಅದು ಇಂದಿಗೂ ತೊಡಕೇ.

ಮೂರನೆಯದು ಸರಕಾರ ಮಂಜೂರು ಮಾಡಿದ ಜಮೀನು. ಮಂಜೂರಿ ಆದೇಶದ ಷರತ್ತುಗಳನ್ನು ಒಂದೊಂದಾಗಿ ಓದಿಸಿ ಕೇಳಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಕೊಟ್ಟ ಜಮೀನಾದರೆ 1978ರ ಕಾಯಿದೆ ಅದನ್ನು ಕಾಯುತ್ತದೆ. ಸರಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತವಲ್ಲ. ಜಮೀನು ತಿರುಗಿ ಮೂಲ ಹಿಡುವಳಿದಾರನಿಗೆ ಅಥವಾ ಅವನ ವಾರಸುದಾರರಿಗೆ ಹೋಗಬಹುದು. 2023ರ ತಿದ್ದುಪಡಿಯಲ್ಲಿ, ಹೀಗೆ ಮರಳಿ ಕೇಳುವುದಕ್ಕೆ ಕಾಲಮಿತಿ ಇಲ್ಲವೆಂದೂ ಸೇರಿಸಿದ್ದಾರೆ.

ನಾಲ್ಕನೆಯದು 2006ರ ಅರಣ್ಯ ಹಕ್ಕು ಕಾಯಿದೆಯಿಂದ ಸಿಕ್ಕ ಜಮೀನು. ಇದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರುತ್ತದೆ, ಮಕ್ಕಳಿಗೆ ಬರುತ್ತದೆ. ಆದರೆ ಮಾರುವ ಹಾಗಿಲ್ಲ, ಪರಭಾರೆ ಮಾಡುವ ಹಾಗಿಲ್ಲ. ಇನ್ನು ಹಕ್ಕುಪತ್ರವೇ ಇಲ್ಲದ ಅತಿಕ್ರಮಣದ ತುಂಡನ್ನು ಬಾಂಡ್ ಕಾಗದದ ಮೇಲೆ ಕೊಂಡರೆ, ಕೊಂಡದ್ದು ಏನು? ಬರೀ ಜಗಳ.

2020ರ ತಿದ್ದುಪಡಿಯಾದ ಮೇಲೆ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದಾಗಿದೆ. ಕಾಳಿ ನದಿಯ ದಂಡೆಯ ಜಮೀನಿನ ಮೇಲೆ ದೂರದೂರಿನವರ ಕಣ್ಣು ಬಿದ್ದರೆ ಆಶ್ಚರ್ಯವಿಲ್ಲ. ಅವಸರ ಅವರದು ಇರಲಿ, ನಿಮ್ಮದಾಗುವುದು ಬೇಡ. ಓದದೆ ಸಹಿ ಹಾಕಬೇಡಿರಿ, ಬರಿದಾದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ, “ಎಲ್ಲ ನಾನೇ ನೋಡಿಕೊಳ್ಳುತ್ತೇನೆ” ಎಂದವನಿಗೆ ಮುಖತ್ಯಾರಪತ್ರ ಬರೆದುಕೊಡಬೇಡಿರಿ.

ಹಾಗಾದರೆ ಕೊಳ್ಳುವವನು ಯಾವ ಕ್ರಮದಲ್ಲಿ ಹೋಗಬೇಕು? ಮೊದಲು ಉತಾರ ತೆಗೆಸಿರಿ. ಒಂಬತ್ತನೆಯ ಅಂಕಣದಲ್ಲಿ ಮಾಲಕನ ಹೆಸರು, ಹತ್ತರಲ್ಲಿ ಅದು ಹೇಗೆ ಬಂತು ಎಂಬುದು, ಹನ್ನೊಂದರಲ್ಲಿ ಬ್ಯಾಂಕು ಸೊಸಾಯಿಟಿಗಳ ಬೋಜಾ ಇರುತ್ತದೆ. ಈಗಿನ ಉತಾರ ಗಣಕಯಂತ್ರದ್ದು. ಹಳೆಯ ಕೈಬರಹದವನ್ನೂ, ಹೆಸರು ಬದಲಾದ ಪ್ರತಿಯೊಂದು ನೋಂದಿನ ನಕಲನ್ನೂ ತೆಗೆಸಿರಿ. ಜೋಯಿಡಾದವರು ಹಳೆಯ ಕಾಗದಗಳಲ್ಲಿ ತಾಲೂಕಿನ ಹೆಸರು ಸೂಪಾ ಎಂದಿರುವುದನ್ನು ಕಾಣುವಿರಿ. ಈಚೆಗೆ ಬೇರೆ ತಾಲೂಕಾದ ದಾಂಡೇಲಿಯವರ ಹಳೆಯ ದಾಖಲೆ ಹಳಿಯಾಳದ ಹೆಸರಿನಲ್ಲಿರುತ್ತದೆ.

ಎರಡನೆಯದಾಗಿ, ಸಬ್ ರಜಿಸ್ಟ್ರಾರ ಕಚೇರಿಯಿಂದ ಕಡಿಮೆಯೆಂದರೆ 30 ವರ್ಷಗಳ ಋಣಭಾರ ಪತ್ರ ಪಡೆಯಿರಿ. ಇದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ವಾಟಣಿ, ಬಿಟ್ಟುಹೋದ ವಾರಸುದಾರ ಇಲ್ಲಿ ಕಾಣುವುದಿಲ್ಲ. ಅದನ್ನು ಊರಲ್ಲಿ ಕೇಳಿಯೇ ತಿಳಿಯಬೇಕು.

ಮೂರನೆಯದಾಗಿ, ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಮಾಡಿಸಬೇಕು. ಅಳೆಯುವ ದಿನ ನೀವೂ ಬದುವಿನ ಮೇಲೆ ನಿಂತಿರಿ, ಪಕ್ಕದ ಹೊಲದವರನ್ನೂ ಕರೆಯಿರಿ. ಚಕ್ಕುಬಂದಿ ತಾಳೆಯಾಗಬೇಕು.

ಇಷ್ಟಾದ ಮೇಲೆ ಖರೇದಿಪತ್ರ, ನೋಂದಣಿ. ನೋಂದಣಿ ಮುಗಿದರೂ ಕೆಲಸ ಮುಗಿಯಲಿಲ್ಲ. ಕಚೇರಿಯಿಂದ ಕಚೇರಿಗೆ ಸುದ್ದಿ ತಾನಾಗಿ ಹೋಗುವ ವ್ಯವಸ್ಥೆ ಇದೆ, ನಿಜ. ಆದರೂ ಉತಾರದಲ್ಲಿ ನಿಮ್ಮ ಹೆಸರು ಏರಿತೋ ಇಲ್ಲವೋ ಎಂದು ಹೋಗಿ ನೋಡಿರಿ. ಮನೆಯ ಹಿರಿಯರು ತೀರಿಕೊಂಡಾಗಲೂ ವಾರಸಾ ವರ್ದಿಯನ್ನು ತಡಮಾಡದೆ ಕೊಡಿರಿ. ಅಜ್ಜನ ಹೆಸರಿನಲ್ಲೇ ಉಳಿದ ಹೊಲಕ್ಕೆ ಮೊಮ್ಮಗ ಸಾಲ ಕೇಳಲು ಹೋದರೆ ಬ್ಯಾಂಕಿನವರು ಕೊಡುವುದು ಕಷ್ಟ. ಅಷ್ಟರಲ್ಲಿ ವಾರಸುದಾರರೂ ನಾಲ್ವರಿದ್ದವರು ಇಪ್ಪತ್ತು ಜನರಾಗಿರುತ್ತಾರೆ.

ನಕ್ಷೆ ಹೊಲ ಎಲ್ಲಿದೆ ಎಂದು ಹೇಳುತ್ತದೆ, ಪತ್ರ ಅದು ಹೇಗೆ ಕೈ ಬದಲಾಯಿತು ಎಂದು ಹೇಳುತ್ತದೆ, ಉತಾರ ಈಗ ಯಾರ ಹೆಸರಿನಲ್ಲಿದೆ ಎಂದು ಹೇಳುತ್ತದೆ. ಮೂರೂ ಒಂದೇ ಮಾತು ಹೇಳುವ ತನಕ ರೊಕ್ಕ ಗಂಟಿನಲ್ಲೇ ಇರಲಿ.