ದಂಡಿನ ಹುಡುಗರ ಫುಟ್‌ಬಾಲ್

1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫೈನಲ್‌ಗೆ ಬಂದ ಎರಡೂ ತಂಡಗಳು ಊರಿನವಲ್ಲ, ಪಲ್ಟಣದವೂ ಅಲ್ಲ. ಒಂದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, ಇನ್ನೊಂದು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಶುರುವಾದ ಈ ಕಪ್ಪನ್ನು ಅಲ್ಲಿಯವರೆಗೆ ಎತ್ತಿದ್ದೆಲ್ಲ ಬ್ರಿಟಿಷ್ ಸೈನ್ಯದ ತಂಡಗಳೇ. 1923ರಲ್ಲಿ ಮೋಹನ್ ಬಾಗಾನ್ ಫೈನಲ್ ಮುಟ್ಟಿ, ಡರ್ಹ್ಯಾಮ್ ಲೈಟ್ ಇನ್‌ಫೆಂಟ್ರಿಯ ಎದುರು ಸೋತು ಬಂದಿತ್ತು. ಈಗ ಯಾರು ಗೆದ್ದರೂ ಭಾರತೀಯ ತಂಡಕ್ಕೆ ಅದು ಮೊದಲ ಸಲವೇ. ಪಂದ್ಯಕ್ಕೆ ಮುಂಚೆ ಯಾರನ್ನು ಕೇಳಿದ್ದರೂ ಕಲ್ಕತ್ತೆಯ ಹೆಸರನ್ನೇ ಹೇಳುತ್ತಿದ್ದರು: ನಾಲ್ಕು ವರ್ಷ ಸತತ ಕಲ್ಕತ್ತಾ ಲೀಗ್, ಹಿಂದಿನ ವರ್ಷ ಐಎಫ್‌ಎ ಶೀಲ್ಡ್ ಕೂಡ ಅವರದೇ ಆಗಿತ್ತು. ಆದರೆ ಒಂದೇ ಒಂದು ಗೋಲಿನ ಅಂತರದಲ್ಲಿ ಗೆದ್ದದ್ದು ಬೆಂಗಳೂರು.

ಈ ಸೋಲು ಗೆಲುವಿನೊಳಗೆ ಒಂದು ಮೋಜಿದೆ. ಮೊಹಮ್ಮಡನ್ ಸ್ಪೋರ್ಟಿಂಗನ್ನು ಮೇಲೆತ್ತಿದ ಕಾಲುಗಳಲ್ಲಿ ಬೆಂಗಳೂರಿನವೂ ಇದ್ದವು.

ಆ ಕಥೆ ಶುರುವಾಗುವುದು ಕಲ್ಕತ್ತೆಯ ಎರಡನೇ ಡಿವಿಜನ್‌ನಲ್ಲಿ. 1891ರಲ್ಲೇ ಹುಟ್ಟಿದ ಮೊಹಮ್ಮಡನ್ ಸ್ಪೋರ್ಟಿಂಗ್ ಬಹಳ ವರ್ಷ ಕೆಳಗಿನ ಸಾಲಿನಲ್ಲೇ ಏಗಿದ ತಂಡ. 1930ರ ದಶಕದ ಆರಂಭದಲ್ಲಿ ಸಿ. ಎ. ಅಜೀಜ್ ಅದರ ಕಾರ್ಯದರ್ಶಿಯಾಗಿ, ಬಂಗಾಳದ ಹುಡುಗರಷ್ಟನ್ನೇ ನೆಚ್ಚಿಕೊಂಡು ಕೂರದೆ ಕ್ವೆಟ್ಟಾ, ಬೆಂಗಳೂರುಗಳ ಕಡೆ ಕೈಚಾಚಿದರು. ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದರು: ಮಳೆ ಬಿದ್ದು ಮೈದಾನ ಜಾರುವ ದಿನ ಆಟಗಾರರಿಗೆ ಬೂಟು ತೊಡಿಸಿದರು. ಭಾರತೀಯರು ಬರಿಗಾಲಲ್ಲೇ ಆಡುತ್ತಿದ್ದ ಕಾಲ ಅದು. ಒಣ ನೆಲದಲ್ಲಿ ಬರಿಗಾಲು ಚೆಂಡನ್ನು ಮಾತಾಡಿಸುತ್ತದೆ ನಿಜ, ಆಷಾಢದ ಕೆಸರಿನಲ್ಲಿ ಗೆಲ್ಲುವುದು ಬೂಟೇ. ಕಲ್ಕತ್ತಾ ಲೀಗ್ ನಡೆಯುತ್ತಿದ್ದುದೂ ಮಳೆಗಾಲದಲ್ಲೇ. 1933ರ ಋತುವಿನ ಕೊನೆಗೆ ತಂಡ ಎರಡನೇ ಡಿವಿಜನ್‌ನಿಂದ ಮೇಲೇರಿತು. ಮರುವರ್ಷವೇ ಮೊದಲ ಡಿವಿಜನ್ ಗೆದ್ದಿತು. ಭಾರತೀಯ ತಂಡವೊಂದಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. 1938ರವರೆಗೆ ಐದು ವರ್ಷ ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಎರಡನೇ ಡಿವಿಜನ್ ಎಂಬ ಏರ್ಪಾಟು ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾಯಿತು. 1892ರಲ್ಲಿ ಎದುರಾಳಿ ಒಕ್ಕೂಟವಾದ ಫುಟ್‌ಬಾಲ್ ಅಲಯನ್ಸನ್ನು ಒಳಗೆ ಸೇರಿಸಿಕೊಂಡು, ಹನ್ನೆರಡು ತಂಡಗಳ ಎರಡನೇ ಡಿವಿಜನ್ ಕಟ್ಟಿದರು. ಮೊದಲ ವರ್ಷ ಅದನ್ನು ಗೆದ್ದ ಸ್ಮಾಲ್ ಹೀತ್ ಮೇಲೇರಲಿಲ್ಲ! ಆಗ ಗೆದ್ದ ಮಾತ್ರಕ್ಕೆ ಬಡ್ತಿ ಇರಲಿಲ್ಲ. ಮೇಲಿನ ಡಿವಿಜನ್‌ನ ಕೊನೆಯ ತಂಡಗಳೊಡನೆ ‘ಟೆಸ್ಟ್ ಮ್ಯಾಚ್’ ಆಡಿ ಗೆಲ್ಲಬೇಕಿತ್ತು. ಸ್ಮಾಲ್ ಹೀತ್ ನ್ಯೂಟನ್ ಹೀತ್‌ಗೆ ಸೋತಿತು. ಮುಂದೆ ಮೊದಲನೆಯದು ಬರ್ಮಿಂಗ್‌ಹ್ಯಾಮ್ ಸಿಟಿ ಆಯಿತು, ಎರಡನೆಯದು ಮ್ಯಾಂಚೆಸ್ಟರ್ ಯುನೈಟೆಡ್. ಆದರೆ ಮೂರನೇ ಸ್ಥಾನದ ಡಾರ್ವೆನ್ ನಾಟ್ಸ್ ಕೌಂಟಿಯನ್ನು ಸೋಲಿಸಿ ಮೇಲೆ ಹೋಯಿತು.

ಡಾರ್ವೆನ್ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರು. 1879ರಲ್ಲಿ ಗಿರಣಿ ಕೆಲಸಗಾರರ ಈ ತಂಡ ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸಿರಿವಂತ ಶಾಲೆಯ ಹಳೆಯ ಹುಡುಗರಾದ ಓಲ್ಡ್ ಇಟೋನಿಯನ್ಸ್ ಎದುರು 1–5ರಿಂದ ಹಿಂದಿದ್ದು 5–5 ಮಾಡಿಕೊಂಡಿತ್ತು. ಆ ತಂಡದಲ್ಲಿ ಫರ್ಗಸ್ ಸೂಟರ್ ಎಂಬ ಸ್ಕಾಟ್ಲೆಂಡಿನ ಕಲ್ಲುಕುಟಿಗನಿದ್ದ. ಇಂಗ್ಲೆಂಡಿನ ಕಲ್ಲು ಬಲು ಗಟ್ಟಿ, ಕೆತ್ತಿದರೆ ಕೈ ಬಾತುಕೊಳ್ಳುತ್ತದೆ ಎಂದು ಅವನು ಉಳಿ ಸುತ್ತಿಗೆ ಬದಿಗಿಟ್ಟ. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದನೆಂದು ಎಲ್ಲರಿಗೂ ಗೊತ್ತಿತ್ತು. ಆಟಕ್ಕೆ ದುಡ್ಡು ಕೊಡುವುದು ಆಗ ನಿಯಮಬಾಹಿರವಾದ್ದರಿಂದ ಯಾರೂ ಬಾಯಿಬಿಡಲಿಲ್ಲ. 1880ರಲ್ಲಿ ಪಕ್ಕದ ಬ್ಲ್ಯಾಕ್‌ಬರ್ನ್ ರೋವರ್ಸ್ ಅವನನ್ನು ಎಗರಿಸಿಕೊಂಡು ಹೋಯಿತು. ಸಣ್ಣ ಊರು ಆಟಗಾರನನ್ನು ತರುತ್ತದೆ, ದೊಡ್ಡ ಊರು ಒಯ್ಯುತ್ತದೆ. ಡಾರ್ವೆನ್ 1898–99ರ ಎರಡನೇ ಡಿವಿಜನ್ ಋತುವಿನಲ್ಲಿ 34 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು, ಸತತ 18 ಸೋತು, ಒಟ್ಟು 141 ಗೋಲು ಹೊಡೆಸಿಕೊಂಡು ಲೀಗಿನಿಂದಲೇ ಹೊರನಡೆಯಿತು. ಮೂರು ಪಂದ್ಯಗಳ ಫಲಿತಾಂಶ 10–0.

ಕಲ್ಕತ್ತಾ ಲೀಗ್ ಹುಟ್ಟಿದ್ದೂ ಅದೇ 1898ರಲ್ಲಿ. ಅಲ್ಲಿ ಎರಡನೇ ಡಿವಿಜನ್‌ಗೆ ಬೇರೆಯೇ ಅರ್ಥವಿತ್ತು. ಮೋಹನ್ ಬಾಗಾನ್ 1911ರಲ್ಲಿ ಶೀಲ್ಡ್ ಗೆದ್ದು ದೇಶವನ್ನೇ ಕುಣಿಸಿದ್ದರೂ ಲೀಗಿನ ಬಾಗಿಲು ತೆರೆದದ್ದು 1914ರಲ್ಲಿ, ಅದೂ ಎರಡನೇ ಡಿವಿಜನ್‌ಗೆ. ಮೇಲಿನ ಡಿವಿಜನ್‌ನಲ್ಲಿ ಭಾರತೀಯ ತಂಡಗಳು ಎರಡಕ್ಕಿಂತ ಹೆಚ್ಚು ಇರಕೂಡದೆಂಬ ಕಟ್ಟಳೆ. ಈಸ್ಟ್ ಬೆಂಗಾಲ್ ಜಗಳ ಆಡಿಯೇ ಅದನ್ನು ಮುರಿದು 1925ರಲ್ಲಿ ಮೇಲೆ ಬಂದದ್ದು. ಆ ಗೇಟು ಹಾರುಹೊಡೆದಿದ್ದರಿಂದಲೇ ಎಂಟು ವರ್ಷದ ಮೇಲೆ ಮೊಹಮ್ಮಡನ್‌ಗೂ ದಾರಿ ಸಿಕ್ಕಿತು, ಬೆಂಗಳೂರಿನ ಹುಡುಗರಿಗೆ ರೈಲು ಹತ್ತುವ ಕಾರಣವೂ ಸಿಕ್ಕಿತು.

ಅಷ್ಟು ದೂರದಿಂದ ಕಣ್ಣಿಟ್ಟು ಒಯ್ಯುವಂಥ ಆಟ ಬೆಂಗಳೂರಿನಲ್ಲಿ ಬೆಳೆದದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. ಶ್ರೀರಂಗಪಟ್ಟಣದ ಚಳಿಜ್ವರ ತಾಳದೆ ಬ್ರಿಟಿಷರು 1809ರಲ್ಲಿ ಕಟ್ಟಿಕೊಂಡ ಕಂಟೋನ್ಮೆಂಟು, 1881ರಿಂದ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎನಿಸಿಕೊಂಡು, ಮೈಸೂರು ಅರಸರ ಸೀಮೆಯ ನಡುವೆ ಬ್ರಿಟಿಷ್ ತುಂಡಾಗಿ 1947ರ ಜುಲೈವರೆಗೆ ಉಳಿದಿತ್ತು. ಪೆರೇಡು ಮುಗಿದ ಸಂಜೆ ಗೋರಾ ಸಿಪಾಯಿಗಳು ಚೆಂಡು ಒದೆಯುತ್ತಿದ್ದರು; ಸುತ್ತಲಿನ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ಮೈದಾನದ ಅಂಚಿನಲ್ಲಿ ನಿಂತು ನೋಡಿ ಕಲಿತರು. ಕಲಿತವರು ಹೆಚ್ಚಾಗಿ ತಮಿಳು, ಉರ್ದು ಮಾತಾಡುವ ಬಡ ಕುಟುಂಬಗಳವರು. ಗುರು ಇಲ್ಲ, ಬೂಟಿಲ್ಲ. ಚರ್ಮದ ಚೆಂಡಿನ ಬಾಯಿಗೆ ಹೊಲಿದ ದಾರ ಬರಿಗಾಲಿಗೆ ತಗುಲಿದರೆ ಬಾಸುಂಡೆ ಏಳುತ್ತಿತ್ತು, ಮಳೆ ನೀರು ಕುಡಿದ ಚೆಂಡು ಗುಂಡುಕಲ್ಲಾಗುತ್ತಿತ್ತು. ಜೋರಾಗಿ ಒದೆಯುವುದಕ್ಕಿಂತ ಕಾಲಲ್ಲೇ ಇಟ್ಟುಕೊಂಡು ಎದುರಾಳಿಯನ್ನು ಏಮಾರಿಸುವುದೇ ಲೇಸೆಂದು ಇಲ್ಲಿಯ ಕಾಲುಗಳು ಕಲಿತುಕೊಂಡವು.

1937ರ ಕಪ್ಪನ್ನು ಆಕಸ್ಮಿಕ ಎಂದವರಿಗೆ ಬೆಂಗಳೂರು ಮುಸ್ಲಿಮ್ಸ್ ಮರುವರ್ಷ ಜವಾಬು ಕೊಟ್ಟಿತು. ಫೈನಲ್‌ನಲ್ಲಿ ಸಿಕ್ಕಿದ್ದು ಪಕ್ಕಾ ಸ್ಕಾಟಿಷ್ ಪಲ್ಟಣ, ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್. 3–2. ದಂಡಿನ ಹುಡುಗರು ದಂಡನ್ನೇ ಸೋಲಿಸಿದ ಆ ಫೈನಲ್, ಮೊದಲ ಗೆಲುವಿಗಿಂತಲೂ ದೊಡ್ಡದೆಂದೇ ಹೇಳಬೇಕು. 1940ರಲ್ಲಿ ಮತ್ತೆ ಫೈನಲ್, ಮತ್ತೆ ಮೊಹಮ್ಮಡನ್. ಈ ಬಾರಿ ಒಂದು ಗೋಲಿನಿಂದ ಗೆದ್ದ ಕಲ್ಕತ್ತೆ ಹಳೆಯ ಲೆಕ್ಕ ಚುಕ್ತಾ ಮಾಡಿತು. 1948ರಲ್ಲಿ ಮೋಹನ್ ಬಾಗಾನನ್ನು ಕೆಡವಿ ಬೆಂಗಳೂರು ಮೂರನೇ ಸಲ ಕಪ್ ತಂದಿತು.

ಬೆಳಗಾವಿ ಜಿಲ್ಲೆಯ ಮುರಗೋಡ, ಸವದತ್ತಿ, ಬೈಲಹೊಂಗಲದ ಕಡೆಯವರಿಗೆ ಮುಂಬಯಿಯ ಈ ಕಪ್ಪು ಒಂದು ಲೆಕ್ಕದಲ್ಲಿ ತಮ್ಮದೇ ಪ್ರಾಂತ್ಯದ್ದು. 1956ರ ನವೆಂಬರ್‌ವರೆಗೆ ಬೆಳಗಾವಿ ಜಿಲ್ಲೆಗೆ ಮುಂಬಯಿಯೇ ರಾಜಧಾನಿ. ಬೆಂಗಳೂರು ಬೇರೊಂದು ಸಂಸ್ಥಾನದ ಊರು. ಬೆಳಗಾವಿಯಲ್ಲೂ ದಂಡಿತ್ತು, 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೂ ಅಲ್ಲೇ. ಆದರೂ ಚೆಂಡು ಕ್ಯಾಂಪಿನ ಗಡಿ ದಾಟಿ ಮಲಪ್ರಭೆಯ ಸೀಮೆಗೆ ಬೆಂಗಳೂರಿನ ರೀತಿ ಉರುಳಿ ಬರಲಿಲ್ಲ. ನೆಲವೇ ಇದಕ್ಕೆ ಅರ್ಧ ಕಾರಣವಿರಬೇಕು. ಫುಟ್‌ಬಾಲಿನ ಹಂಗಾಮು ಮಳೆಗಾಲ. ಮಲಪ್ರಭೆಯ ಕಡೆ ಅದು ಬಿತ್ತಿಗೆಯ ಹಂಗಾಮು, ಎರೆಭೂಮಿಯಲ್ಲಿ ಕಾಲಿಟ್ಟರೆ ಮೊಣಕಾಲಿಗೆ ಮಣ್ಣು. ಬೆಂಗಳೂರಿನ ಕೆಮ್ಮಣ್ಣು ಮಳೆ ನಿಂತ ತಾಸಿಗೆ ಆಟಕ್ಕೆ ಸಿದ್ಧವಾಗುತ್ತದೆ. ಸುಗ್ಗಿ ಮುಗಿದು ಜಾತ್ರೆ ಬರುವ ಹೊತ್ತಿಗೆ ಮಲಪ್ರಭೆಯ ಕಡೆಯ ಹುಡುಗರಿಗೆ ಗರಡಿಮನೆ ಇತ್ತು, ಜಂಗೀ ನಿಕಾಲಿ ಕುಸ್ತಿ ಇತ್ತು, ತೆರಬಂಡಿ ಇತ್ತು. ಹನ್ನೊಂದು ಜನ ಬೇರೂರಿನ ಹನ್ನೊಂದು ಜನರನ್ನು ಪ್ರತಿ ವಾರ ಎದುರಿಸುವ ಲೀಗಿನ ಲಯ, ಗಿರಣಿ ಇಲ್ಲವೇ ಪಲ್ಟಣದ ಗಡಿಯಾರ ಇರುವ ಊರಿಗೆ ಒಗ್ಗುವಂಥದ್ದು. ಕುಸ್ತಿಗೆ ಬೇಕಾದದ್ದು ಒಂದು ಮಟ್ಟಿ, ಒಂದು ಜೋಡಿ.

ಇತ್ತ ಬೆಂಗಳೂರಿನ ದಂಡಿನಲ್ಲಿ ಹುಟ್ಟಿದ ಪ್ರತಿಭೆಯಲ್ಲಿ ಎದ್ದು ಕಾಣುವ ಹೆಸರು ಅಹ್ಮದ್ ಖಾನ್‌ನದು. 1926ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈತನನ್ನು ನೋಡಿದವರು ಹಾವಾಡಿಗ ಎಂದೇ ಕರೆದರು. ಚೆಂಡು ಆ ಕಾಲಿಗೆ ಹಾಗೆ ತಲೆದೂಗುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ತಂಡದಲ್ಲಿ ಆತನಿದ್ದ. ಗೋಲ್‌ಕೀಪರ್ ವರದರಾಜ್, ಮುಂಪಡೆಯ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸೀಮೆಯವರು. ಜುಲೈ 31ರಂದು ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರು ಬಹುಪಾಲು ಬರಿಗಾಲಲ್ಲೇ ಆಡಿದ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದವು. ಎರಡೂ ವ್ಯರ್ಥ. ಆಟ ನಡೆಯುತ್ತಿರುವಾಗಲೇ ನುಗ್ಗಿ ಗೋಲು ಹೊಡೆದವನು ರಾಮನ್, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಬಡಿದಾಗ ಆ ಒಂದು ಗೋಲು ಅಹ್ಮದ್ ಖಾನ್‌ನದು. ಬೂಟು ಕಡ್ಡಾಯವಾದದ್ದು ಆಮೇಲೆ. ಅಜೀಜ್ ಕಲ್ಕತ್ತೆಯ ಕೆಸರಿನಲ್ಲಿ ಕಂಡುಕೊಂಡದ್ದನ್ನು ದೇಶ ಒಪ್ಪಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಅಹ್ಮದ್ ಖಾನ್ ಅಷ್ಟರಲ್ಲಿ ಬೆಂಗಳೂರಿನವನಾಗಿ ಉಳಿದಿರಲಿಲ್ಲ. 1949ರಲ್ಲೇ ಈಸ್ಟ್ ಬೆಂಗಾಲ್ ಕರೆದುಕೊಂಡಿತ್ತು; ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ ಜೊತೆ ಸೇರಿದ ಆ ಮುಂಪಡೆಗೆ ಕಲ್ಕತ್ತೆ ಪಂಚಪಾಂಡವರೆಂದು ಹೆಸರಿಟ್ಟಿತು. ಸೂಟರ್‌ನಿಗೆ ಡಾರ್ವೆನ್ ಹೇಗೋ ಅಹ್ಮದ್ ಖಾನ್‌ಗೆ ಬೆಂಗಳೂರು ಹಾಗೆ, ಹೊರಡುವ ಊರು.

ಸಂಸ್ಥಾನದ ಹೆಸರಿನಲ್ಲಿ ಆಡುವಾಗ ಮಾತ್ರ ಎಲ್ಲ ಹುಡುಗರೂ ಒಂದೆಡೆ ಸೇರುತ್ತಿದ್ದರು. 1941ರಲ್ಲಿ ಶುರುವಾದ ಸಂತೋಷ್ ಟ್ರೋಫಿಯನ್ನು ಮೈಸೂರು 1946ರಲ್ಲಿ ಬಂಗಾಳವನ್ನು ಸೋಲಿಸಿ ಗೆದ್ದಿತು. 1952ರಲ್ಲಿ, 1967–68ರಲ್ಲಿ, 1968–69ರಲ್ಲಿ ಮತ್ತೆ ಗೆದ್ದಿತು, ಎದುರಾಳಿ ಪ್ರತಿ ಸಲವೂ ಬಂಗಾಳ. ತಮ್ಮೂರಿನ ಆಟಗಾರರನ್ನು ಒಯ್ದವರ ಮೇಲೆ ಇಷ್ಟು ಅಚ್ಚುಕಟ್ಟಾಗಿ ಸೇಡು ತೀರಿಸಿಕೊಂಡದ್ದು ಕಡಿಮೆ.

ಕ್ಲಬ್ಬುಗಳ ಜಾಗಕ್ಕೆ ಕಾರ್ಖಾನೆಗಳು ಬಂದವು: ಎಚ್‌ಎಎಲ್, ಐಟಿಐ. ಆಟಗಾರನಿಗೆ ಸಂಬಳ, ಕ್ವಾರ್ಟರ್ಸು, ಪಿಂಚಣಿ ಸಿಕ್ಕವು; ಕಲ್ಕತ್ತೆಗೆ ಹೋಗುವ ಆತುರ ಕಡಿಮೆಯಾಯಿತು, ಮೈದಾನದ ಹಸಿವೂ ಒಂದಿಷ್ಟು ಕಡಿಮೆಯಾಯಿತೆನ್ನಬಹುದು. ಎಚ್‌ಎಎಲ್ 2010ರಲ್ಲಿ ಐ-ಲೀಗ್ ಎರಡನೇ ಡಿವಿಜನ್‌ನಿಂದ ಮೇಲೇರಿ, 2011–12ರ ಕೊನೆಗೆ ಕೆಳಗಿಳಿಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕೆಳಗಿನ ಡಿವಿಜನ್ ನೋಡದೆಯೇ ನೇರ ಮೇಲಿನ ಲೀಗಿಗೆ ಬಂದು ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಅದರ ಆಟಗಾರರು ದೇಶದ ಎಲ್ಲ ಮೂಲೆಗಳಿಂದ ಬಂದವರು. ಊರು ಒಯ್ಯಿಸಿಕೊಳ್ಳುವುದನ್ನು ಬಿಟ್ಟು ತರಿಸಿಕೊಳ್ಳಲು ಶುರುಮಾಡಿತು. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು.

ಹಲಸೂರಿನ ಮಗ್ಗುಲಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಪಕ್ಕ ಪೆಲೆಯ ಪ್ರತಿಮೆಯೂ ಇದೆ. ಬ್ರೆಜಿಲ್‌ನ ಆಟಗಾರನಿಗೆ ಇಷ್ಟು ಗೌರವ ಕೊಟ್ಟ ಓಣಿಯವರು ಅಹ್ಮದ್ ಖಾನ್‌ಗೂ ಒಂದು ಜಾಗ ಹುಡುಕಬಹುದಿತ್ತು. ರೋವರ್ಸ್ ಕಪ್ 2000–01ರ ಬಳಿಕ ನಡೆದಿಲ್ಲ. ಬೆಂಗಳೂರಿನ ಜಿಲ್ಲಾ ಲೀಗ್ ಮಾತ್ರ ಸೂಪರ್, ಎ, ಬಿ, ಸಿ ಡಿವಿಜನ್‌ಗಳಲ್ಲಿ ನಡೆದೇ ಇದೆ. ಋತು ಮುಗಿದಾಗ ಕೆಲವರು ಏರುತ್ತಾರೆ, ಕೆಲವರು ಇಳಿಯುತ್ತಾರೆ.