ಭಾರ ಯಾರ ಹೆಗಲಿಗೆ?

1914ರಲ್ಲಿ ಡೆಟ್ರಾಯಿಟ್‌ನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿಗೆ ತನ್ನ ದೋಣಿಯನ್ನು ಬೇರೆ ಊರಿಗೆ ಸಾಗಿಸಬೇಕಾಗಿತ್ತು. ಅವನ ಬಳಿ ಇದ್ದದ್ದು ಫೋರ್ಡ್ ಮಾಡೆಲ್ ಟಿ, 20 ಅಶ್ವಶಕ್ತಿಯ ಪುಟ್ಟ ಕಾರು. ಅದರ ಮೇಲೆ ದೋಣಿ ಹೇರಿದರೆ ಕಾರು ಅಲ್ಲೇ ಕೂರುತ್ತಿತ್ತು. ಅವನು ಅದೇ ಊರಿನ ಕಮ್ಮಾರ ಆಗಸ್ಟ್ ಫ್ರೂಹಾಫ್‌ನನ್ನು ಹುಡುಕಿಕೊಂಡು ಹೋದ. ಲಾಳ ಹೊಡೆದು, ಕುದುರೆಗಾಡಿ ಮಾಡಿ ಪಳಗಿದ ಕೈ ಅದು. ಹಿಂದೆ ಎರಡು ಚಕ್ರವಿದ್ದು ಮುಂದಿನ ತುದಿ ಮಾತ್ರ ಕಾರಿನ ಬೆನ್ನಿಗೆ ಆತುಕೊಳ್ಳುವಂಥ ಬಂಡಿಯೊಂದನ್ನು ಅವನು ಕಟ್ಟಿಕೊಟ್ಟ. ದೋಣಿ ಸಲೀಸಾಗಿ ಊರು ಸೇರಿತು. ಸಿಬ್ಲಿ ಮರ ಸಾಗಿಸಲೂ ಅಂಥದ್ದೇ ಬೇಕೆಂದ. ಈ ಅರೆಬಂಡಿಗೆ ಫ್ರೂಹಾಫ್ ಇಟ್ಟ ಹೆಸರು ಸೆಮಿ ಟ್ರೇಲರ್. ನಾಲ್ಕೇ ವರ್ಷದಲ್ಲಿ, 1918ಕ್ಕೆ, ಕಮ್ಮಾರಸಾಲೆ ಟ್ರೇಲರ್ ಕಂಪನಿಯಾಗಿತ್ತು. ಕುದುರೆ ಹೊರುವುದಕ್ಕಿಂತ ಎಳೆಯುವುದೇ ಹೆಚ್ಚು, ಲಾರಿಯೂ ಹಾಗೆಯೇ ಎಂಬುದು ಕಂಪನಿಯ ಜಾಹೀರಾತಿನ ಮಾತಾಯಿತು.

ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ಎಳೆಯುವವನು ಸ್ವಲ್ಪ ಹೊರಲೂ ಬೇಕು. ನಮ್ಮ ಗಾಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸರಕು ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳನ್ನೇ ಎಳೆಯುತ್ತದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ ಪಟ್ಟು ಹಿಡಿದು ನಿಂತದ್ದರ ಹಿಂದೆಯೂ ಈ ಹೆಗಲಿನ ಗಾಯವಿತ್ತು. ಮೋಟಾರು ಟ್ರೇಲರಿನಲ್ಲೂ ಲೆಕ್ಕ ಬದಲಾಗಿಲ್ಲ. ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಸಾಮಾನ್ಯ ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು ಎಂಬುದು ರೂಢಿಯ ಅಳತೆ. 3,000 ಕಿಲೋ ಟ್ರೇಲರ್ ಎಂದರೆ ಎಳೆಯುವ ವಾಹನದ ಹಿಂಭಾಗದ ಮೇಲೆ 300ರಿಂದ 450 ಕಿಲೋ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಹೆಚ್ಚಾದರೆ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಫ್ರೂಹಾಫ್‌ನ ಕಾಲದಲ್ಲಿ ಇದಕ್ಕಿಂತ ದೊಡ್ಡ ತೊಡಕು ಕೆಳಗಿತ್ತು, ಚಕ್ರದಲ್ಲಿ. ಆಗಿನ ಭಾರಿ ಲಾರಿಗಳದು ಗಟ್ಟಿ ರಬ್ಬರಿನ ಟಯರು. ಪಂಕ್ಚರ್ ಆಗದು ಎಂಬುದೊಂದೇ ಅದರ ಗುಣ. ಸ್ವಲ್ಪ ವೇಗ ಹಿಡಿದರೆ ಸಾಕು, ಹೊಡೆತವೆಲ್ಲ ನೇರವಾಗಿ ಎಂಜಿನ್ನಿಗೆ, ಸರಕಿಗೆ, ಚಾಲಕನ ಬೆನ್ನುಮೂಳೆಗೆ. ಕಮಾನು ಪಟ್ಟಿಗಳನ್ನು ಎಷ್ಟೇ ಜೋಡಿಸಿದರೂ ಅಷ್ಟೇ. ಗಾಳಿ ತುಂಬಿದ ಟಯರು ಕಾರು, ಸೈಕಲ್ಲುಗಳಲ್ಲಿ ಆಗಲೇ ಹಳತಾಗಿತ್ತು. ಲಾರಿಯ ತೂಕವನ್ನು ಅದು ತಾಳೀತೆಂದು ನಂಬುವವರು ಕಡಿಮೆ. ನಂಬಿಸಲು ಗುಡ್‌ಇಯರ್ ಕಂಪನಿ 1917ರ ಏಪ್ರಿಲ್‌ನಲ್ಲಿ ಒಂದು ಪ್ಯಾಕಾರ್ಡ್ ಲಾರಿಗೆ ಗಾಳಿಯ ಟಯರು ತೊಡಿಸಿ ಓಹಾಯೊದ ಆಕ್ರನ್‌ನಿಂದ ಬಾಸ್ಟನ್‌ಗೆ ಕಳಿಸಿತು. ಸುಮಾರು 1,200 ಕಿಲೋಮೀಟರ್ ದಾರಿ. ಟಯರು ಒಡೆದವು, ಲಾರಿ ಕೆಸರಿನಲ್ಲಿ ಹೂತಿತು, ತಲುಪಲು ವಾರಗಳೇ ಹಿಡಿದವು. ನಗುವವರಿಗೆ ಒಳ್ಳೆಯ ಸರಕು. ಕಂಪನಿ ಮಾತ್ರ ಒಡೆದ ಟಯರುಗಳನ್ನೇ ಪಾಠವಾಗಿಟ್ಟುಕೊಂಡು ಮತ್ತೆ ಮತ್ತೆ ಕಳಿಸಿತು. ವಿಂಗ್‌ಫುಟ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಆ ಸಾಗಾಟ ಕ್ರಮೇಣ ನಿಯಮಿತವಾಯಿತು.

ಆ ಓಡಾಟದಿಂದ ಹೊರಬಿದ್ದ ಇನ್ನೊಂದು ತಿಳಿವಳಿಕೆಯೇ ಹೆಚ್ಚು ಬಾಳಿತು. ಟಯರಿನಲ್ಲಿ ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ, ರಬ್ಬರು ಅದನ್ನು ಹಿಡಿದಿಡುವ ಚೀಲ. ಹೆಚ್ಚು ಭಾರಕ್ಕೆ ಹೆಚ್ಚು ಗಾಳಿ ಬೇಕು, ಅಂದರೆ ಇನ್ನೂ ದೊಡ್ಡ ಟಯರು. ಹಾಗೆ ದೊಡ್ಡದು ಮಾಡುತ್ತಾ ಹೋದರೆ ಲಾರಿ ಎತ್ತರವಾಗಿ ತೂಗಾಡುತ್ತದೆ. ಹಾಗಾಗಿ ಗುಡ್‌ಇಯರ್ ಹಿಂದೆ ಎರಡು ಅಚ್ಚುಗಳಿರುವ ಆರು ಚಕ್ರದ ಲಾರಿಯನ್ನೂ ಕಟ್ಟಿ ನೋಡಿತು. ಒಂದೇ ಚಕ್ರವನ್ನು ಬಲಪಡಿಸುವ ಬದಲು ಭಾರವನ್ನು ಹಲವು ಚಕ್ರಗಳಿಗೆ ಹಂಚುವ ಹೆದ್ದಾರಿ ಟ್ರೇಲರಿನ ಸಾಲುಚಕ್ರಗಳಿಗೆ ಇದೇ ತರ್ಕ.

ಸ್ಪ್ರಿಂಗಿನ ಕಥೆ ಇಷ್ಟು ಬೇಗ ಬಗೆಹರಿಯಲಿಲ್ಲ. ತುಂಬಿದ ಲಾರಿಗೆ ಹೊಂದುವ ಕಮಾನು ಖಾಲಿ ಲಾರಿಗೆ ಕಲ್ಲು. ಖಾಲಿಗೆ ಹೊಂದುವಂಥದ್ದು ತುಂಬಿದಾಗ ನೆಲಕ್ಕೆ ತಾಗುತ್ತದೆ. ಭಾರ ಬಿದ್ದಾಗ ಮಾತ್ರ ಕೆಲಸಕ್ಕಿಳಿಯುವ ಸಹಾಯಕ ಪಟ್ಟಿ ಒಂದು ರಾಜಿ. ಭಾರಕ್ಕೆ ತಕ್ಕಂತೆ ಒತ್ತಡ ಏರಿಳಿಸಿಕೊಳ್ಳುವ ಗಾಳಿಯ ಚೀಲ ಇನ್ನೊಂದು ದಾರಿ. 1954ರ ಗ್ರೇಹೌಂಡ್ ಸೀನಿಕ್ರೂಸರ್ ಬಸ್ಸು ಅದರ ಮೇಲೆಯೇ ಕೂತು ಓಡಿತು. ಸರಕಿಗಿಂತ ಮೊದಲು ಪ್ರಯಾಣಿಕರಿಗೆ ಆ ಸುಖ ಸಿಕ್ಕಿದ್ದು ಸಹಜವೇ, ಈರುಳ್ಳಿ ಮೂಟೆ ದೂರು ಕೊಡುವುದಿಲ್ಲ.

ಭಾರತದ ಲಾರಿ ಮಾತ್ರ ಬಹುಕಾಲ ಕಬ್ಬಿಣದ ಪಟ್ಟಿಯನ್ನೇ ನಂಬಿತು. ಲಾರಿ ಕೂರುತ್ತಿದೆಯೇ? ಗ್ಯಾರೇಜಿಗೆ ಹೋಗಿ ಎರಡು ಪಟ್ಟಿ ಸೇರಿಸಿ. ಈ ಮದ್ದು ಅಗ್ಗ, ಫಲ ಕಣ್ಣಿಗೆ ಕಾಣುತ್ತದೆ, ಅಪಾಯ ಇರುವುದೂ ಅಲ್ಲೇ. ಪಟ್ಟಿ ಸೇರಿಸಿದಾಗ ಲಾರಿಯ ಬೆನ್ನು ನೆಟ್ಟಗಾಗುತ್ತದೆ, ಆಕ್ಸಲ್ ಗಟ್ಟಿಯಾಗುವುದಿಲ್ಲ, ಬ್ರೇಕು ಬೆಳೆಯುವುದಿಲ್ಲ, ಟಯರು ಹೊರಬಲ್ಲ ತೂಕ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಕುಸಿದ ಲಾರಿ ಕೊಡುತ್ತಿದ್ದ ಎಚ್ಚರಿಕೆಯನ್ನೂ ಪಟ್ಟಿ ಅಳಿಸಿಬಿಡುತ್ತದೆ. ಘಾಟಿ ಇಳಿಯುವಾಗ ಅದರ ಬಾಕಿ ವಸೂಲಾಗುತ್ತದೆ, ಎದುರು ಬರುವವರಿಂದಲೂ.

ಟಯರಿನದೂ ಇದೇ ಜಾಡು. ಮಿಶೆಲಿನ್ ಕಂಪನಿ ಲಾರಿಗೆ ರೇಡಿಯಲ್ ಟಯರು ತಂದದ್ದು 1952ರಲ್ಲಿ. ಅದು ತಂಪಾಗಿ ಓಡುತ್ತದೆ, ಡೀಸೆಲ್ ಉಳಿಸುತ್ತದೆ, ಆದರೆ ಅದರ ಪಕ್ಕಗೋಡೆ ಮೆದು. ಅತಿಭಾರ, ಕಡಿಮೆ ಗಾಳಿ, ಗುಂಡಿಬಿದ್ದ ರಸ್ತೆ ಮೂರೂ ಒಟ್ಟಿಗೆ ಸಿಗುವ ಕಡೆ ಮಾಲೀಕರು ಓರೆನೇಯ್ಗೆಯ ದಪ್ಪ ನೈಲಾನ್ ಟಯರನ್ನೇ ಆರಿಸಿಕೊಂಡರು. ಅದನ್ನು ಹಿಂದುಳಿದಿರುವಿಕೆ ಎನ್ನುವುದು ಅನ್ಯಾಯ. ಅತಿಭಾರವೇ ವ್ಯವಹಾರದ ಪದ್ಧತಿಯಾದಾಗ ಅದೇ ಸರಿಯಾದ ಆಯ್ಕೆ. ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆಕೆ ಪಾಲಾದ ಮೇಲೆ, ಆ ದಶಕದ ಕೊನೆಗಷ್ಟೇ, ಲಾರಿ ರೇಡಿಯಲ್ಲುಗಳು ಅಲ್ಲಿಂದ ಹೊರಬರತೊಡಗಿದವು.

ರಸ್ತೆಗೂ ಒಂದು ಹೆಗಲಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಹೊಸದಾಗಿ ಹಾಸಿದ ರಸ್ತೆಗಳ ಮೇಲೆ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ಪರೀಕ್ಷೆ ನಡೆಸಿದರು. ಒಂದು ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಪೆಟ್ಟು ಸುಮಾರು ಹದಿನಾರು ಪಟ್ಟು ಎಂಬ ಲೆಕ್ಕ ಅಲ್ಲಿಂದ ಬಂತು. 2018ರ ಜುಲೈನಲ್ಲಿ ಭಾರತ ಸರ್ಕಾರ ನಾಲ್ಕು ಟಯರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ, ದೊಡ್ಡ ಟ್ರೇಲರುಗಳ ಒಟ್ಟು ಮಿತಿಯನ್ನು 49ರಿಂದ 55 ಟನ್ನಿಗೆ ಏರಿಸಿತು. ಅಚ್ಚಿನ ಭಾರ ಏರಿದ್ದು ಶೇಕಡಾ 13ರಷ್ಟೇ, ಇಲಿನಾಯ್ ಲೆಕ್ಕದಲ್ಲಿ ರಸ್ತೆಗೆ ಬೀಳುವ ಪೆಟ್ಟು ಶೇಕಡಾ 60ರಷ್ಟು ಹೆಚ್ಚು. ಹೊಸ ಮಿತಿ ಕಾಗದದ ಮೇಲೆ ಒಂದೇ ದಿನದಲ್ಲಿ ಬಂತು. ಆಗಲೇ ರಸ್ತೆಯಲ್ಲಿದ್ದ ಲಾರಿಗಳ ಆಕ್ಸಲ್, ಬ್ರೇಕು, ಟಯರುಗಳು ಹಿಂದಿನ ದಿನ ಇದ್ದಂತೆಯೇ ಇದ್ದವು.